ದೋಣಿಗೆ ಎಷ್ಟು ದೊಡ್ಡ ಬ್ಯಾಟರಿ ಬೇಕು? ಪ್ರಶ್ನೆಯೇ ತಪ್ಪು

ಮಂಡ್ಯ ಕಡೆಯವರಿಗೆ ಕನ್ನಂಬಾಡಿ ಕಟ್ಟೆಯ ಲೆಕ್ಕ ಬಾಯಿಪಾಠ. ಮುಂಗಾರು ಶುರುವಾಯಿತೆಂದರೆ ಪೇಪರಿನಲ್ಲಿ ಮೊದಲು ಕಣ್ಣು ಹೋಗುವುದು ಆ ಪುಟ್ಟ ಚೌಕಕ್ಕೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಈ ನಾಲ್ಕು ಅಂಕಿ ನೋಡಿದರೆ ಸಾಕು, ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು ಟೀ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ. ಹಾಯಿದೋಣಿಯಲ್ಲೇ ತಿಂಗಳುಗಟ್ಟಲೆ ವಾಸ ಮಾಡುತ್ತ ಕರಾವಳಿಯುದ್ದಕ್ಕೂ ಹೋಗುವವರಿಗೆ ಬ್ಯಾಟರಿ, ಸೋಲಾರ್, ನೀರಿನ ಟ್ಯಾಂಕು, ಪಂಪು ಜೋಡಿಸಿಕೊಡುವ ನಮ್ಮ ಕೆಲಸಕ್ಕೂ ಬೇಕಾದದ್ದು ಇದೇ ಬುದ್ಧಿ. ಬರುವ ಗಿರಾಕಿಗಳು ಮಾತ್ರ ಕೇಳುವುದು ಒಂದೇ ಅಂಕಿ, "ಎಷ್ಟು ದೊಡ್ಡ ಬ್ಯಾಟರಿ ಹಾಕಿಸಲಿ ಸಾರ್?" ಕಟ್ಟೆ ಎಷ್ಟು ದೊಡ್ಡದಿದ್ದರೇನು, ಕೊಡಗಿನಲ್ಲಿ ಮಳೆ ಬೀಳದಿದ್ದರೆ?

ಪ್ಯಾನೆಲ್ ಬೋರ್ಡ್, ಬ್ಯಾಟರಿ ಪೆಟ್ಟಿಗೆ, ಪಂಪಿನ ಜೋಡಣೆ ಎಲ್ಲ ಆಗುವುದು ಮೈಸೂರಿನ ಶೆಡ್ಡಿನಲ್ಲಿ. ದೋಣಿ ಇರುವುದು ಕಡಲಲ್ಲಿ. ಕೆಲಸಕ್ಕೆ ಹೊಸದಾಗಿ ಸೇರುವ ಐಟಿಐ ಹುಡುಗರು ಮೊದಲು ಎಡವುವುದು ಇಲ್ಲೇ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು. ಇಲ್ಲಿ ಡಿಸೆಂಬರಿನಲ್ಲಿ 12 ವೋಲ್ಟ್ ಫ್ರಿಜ್ಜನ್ನು ಇಪ್ಪತ್ನಾಲ್ಕು ಗಂಟೆ ಓಡಿಸಿ ಅಳೆದರೆ 30 ಎಎಚ್ ಚಿಲ್ಲರೆ ತೋರಿಸುತ್ತದೆ (ಎಎಚ್ ಎಂದರೆ ಆಂಪ್-ಅವರ್, ಎಷ್ಟು ಆಂಪ್ ಎಷ್ಟು ಗಂಟೆ ಹರಿಯಿತು ಎಂಬ ಲೆಕ್ಕ). ಅದೇ ಫ್ರಿಜ್ಜು ಮಾರ್ಚಿಯಲ್ಲಿ ಮಲ್ಪೆಯಲ್ಲಿ ನಿಂತ ದೋಣಿಯೊಳಗೆ 50ರಿಂದ 60 ಎಎಚ್ ತಿನ್ನುತ್ತದೆ. ದೋಣಿಯ ಹೊರಗೋಡೆಯನ್ನು ಮುಟ್ಟುತ್ತಿರುವ ಸಮುದ್ರದ ನೀರೇ 28-30 ಡಿಗ್ರಿ. ಫ್ರಿಜ್ಜಿನ ಪೆಟ್ಟಿಗೆ ಆ ಗೋಡೆಗೆ ಅಂಟಿಕೊಂಡಿದ್ದು ನಡುವೆ ನಾಲ್ಕು ಇಂಚು ಫೋಮ್ ಇಲ್ಲದಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಆದ್ದರಿಂದ ಶೆಡ್ಡಿನಲ್ಲಿ ಅಳೆದ ಫ್ರಿಜ್ಜಿನ ಲೆಕ್ಕವನ್ನು ದುಪ್ಪಟ್ಟು ಮಾಡಿಯೇ ಬರೆದುಕೊಳ್ಳಬೇಕು.

ಇಬ್ಬರು ಇರುವ 35 ಅಡಿ ದೋಣಿಯ ಒಂದು ದಿನದ ಹೊರಹರಿವು ಹೀಗಿರುತ್ತದೆ. ಫ್ರಿಜ್ಜಿಗೆ 55 ಎಎಚ್. ಎರಡು ಸಣ್ಣ ಫ್ಯಾನು ರಾತ್ರಿಯಿಡೀ ತಿರುಗಿದರೆ 6. ಎಲ್‌ಇಡಿ ದೀಪಕ್ಕೆ 5. ಫೋನು, ಲ್ಯಾಪ್‌ಟಾಪಿಗೆ 10. ನೀರಿನ ಪಂಪಿಗೆ 2. ಲಂಗರು ಹಾಕಿದಾಗ ರಾತ್ರಿ ಉರಿಯಲೇಬೇಕಾದ ಕಂಬದ ತುದಿಯ ದೀಪ ಎಲ್‌ಇಡಿಯಾದರೆ ಎರಡೂವರೆ. ಹಳೆಯ ತಂತಿ ಬಲ್ಬಾದರೆ ಅದೊಂದೇ 10. ಅಲ್ಲಿಗೆ ನಿಂತಲ್ಲೇ 80 ಆಯಿತು. ಹೊರಟ ದಿನ ಎಂಟು ಗಂಟೆ ಪ್ಲಾಟರ್ (ಕಡಲ ನಕ್ಷೆ ತೋರಿಸುವ ಪರದೆ), ಆಳ ಅಳೆಯುವ ಯಂತ್ರ, ವಿಎಚ್‌ಎಫ್ ರೇಡಿಯೊ ಸೇರಿ 12, ಆಟೊಪೈಲಟ್ ಆರು ಗಂಟೆಗೆ 18. ಒಟ್ಟು 110.

ಈಗ ಒಳಹರಿವು. 100 ವಾಟಿನ ಸೋಲಾರ್ ಹಲಗೆ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಸುಮಾರು 30 ಎಎಚ್ ಕೊಡುತ್ತದೆ. ಕಾಗದದ ಮೇಲೆ 400 ವಾಟ್ ಹಾಕಿದರೆ 120, ಸಾಕು ಅನ್ನಿಸುತ್ತದೆ. ಆದರೆ ಮನೆಯ ಮಾಳಿಗೆಯಂತೆ ದೋಣಿ ಒಂದು ದಿಕ್ಕಿಗೆ ನಿಲ್ಲುವುದಿಲ್ಲ. ಲಂಗರಿನ ಸುತ್ತ ತಿರುಗುತ್ತಿರುತ್ತದೆ. ಹಾಯಿಕಂಬದ್ದೋ ಹಾಯಿಯ ಕೆಳಗಿನ ಅಡ್ಡಕೋಲಾದ ಬೂಮ್‌ದೋ ನೆರಳು ಹಲಗೆಯ ಮೂಲೆಗೆ ಬಿದ್ದರೂ ಸಾಕು, ಇಡೀ ಹಲಗೆ ಮಂಕಾಗುತ್ತದೆ. ಹಲಗೆಗಳನ್ನು ಸೀರೀಸ್‌ನಲ್ಲಿ ಕಟ್ಟಿದ್ದರೆ ಒಂದರ ನೆರಳು ಉಳಿದವುಗಳ ಉತ್ಪಾದನೆಯನ್ನೂ ತಗ್ಗಿಸುತ್ತದೆ. ನಾವು ಎಡಬಲದ ಹಲಗೆಗಳಿಗೆ ಬೇರೆಬೇರೆ ಎಂಪಿಪಿಟಿ ಕಂಟ್ರೋಲರ್ (ಹಲಗೆಯಿಂದ ಸಿಗುವಷ್ಟನ್ನೂ ಹಿಂಡಿ ಬ್ಯಾಟರಿಗೆ ಕೊಡುವ ಪೆಟ್ಟಿಗೆ) ಹಾಕುವುದು ಇದಕ್ಕೇ. ಖರ್ಚು ಸ್ವಲ್ಪ ಹೆಚ್ಚು, ವಾದಕ್ಕೆ ಜಾಗವಿಲ್ಲ.

ಇಷ್ಟಾದ ಮೇಲಷ್ಟೇ ಬ್ಯಾಟರಿಯ ಮಾತು. 200 ಎಎಚ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದದ್ದು 100 ಮಾತ್ರ. ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್‌ನಲ್ಲಿ 160 ಸಿಗುತ್ತದೆ. ಲೆಡ್ ಆಸಿಡ್‌ಗೆ ಇನ್ನೊಂದು ರೋಗವಿದೆ. 80 ಶೇಕಡಾ ತುಂಬಿದ ಮೇಲೆ ಅದು ಕರೆಂಟ್ ಒಳಗೆ ಬಿಡುವುದೇ ನಿಧಾನ, ಕೊನೆಯ ಐದನೇ ಒಂದು ಭಾಗಕ್ಕೆ ಗಂಟೆಗಟ್ಟಲೆ ಬೇಕು. ದಿನವೂ ಅರೆತುಂಬಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಎಂಜಿನ್ ಒಂದು ಗಂಟೆ ಓಡಿಸಿ ಬ್ಯಾಟರಿ ತುಂಬಿತು ಅಂದುಕೊಳ್ಳುವುದು ಅದಕ್ಕೇ ಭ್ರಮೆ. ಸೆಕೆಯ ಜಾಗದಲ್ಲಿ ಚಾರ್ಜಿಂಗ್ ವೋಲ್ಟೇಜನ್ನೂ ಇಳಿಸಬೇಕು: ಬ್ಯಾಟರಿ 35 ಡಿಗ್ರಿ ಇದ್ದರೆ 25 ಡಿಗ್ರಿಗೆ ಹೇಳಿದ 14.4ರ ಬದಲು ಸುಮಾರು 14.2. ಮೈಸೂರಿನಲ್ಲಿ ಸೆಟ್ ಮಾಡಿ ಮರೆತ ಚಾರ್ಜರ್ ಕರಾವಳಿಯಲ್ಲಿ ಬ್ಯಾಟರಿಯ ನೀರು ಕುದಿಸುತ್ತಿರುತ್ತದೆ. ಟೆಂಪರೇಚರ್ ಸೆನ್ಸರನ್ನು ಬ್ಯಾಟರಿಯ ಟರ್ಮಿನಲ್ಲಿಗೇ ಕಟ್ಟಿ, ಪೆಟ್ಟಿಗೆಯ ಗೋಡೆಗಲ್ಲ.

ಲಿಥಿಯಂ ಹಾಕಿಸಿಕೊಂಡವರು ಮಾಡುವ ತಪ್ಪು ಬೇರೆ. ಅದು ಸಿಕ್ಕಷ್ಟು ಕರೆಂಟನ್ನು ಹೀರುತ್ತದೆ. ಎಂಜಿನ್ನಿನ ಆಲ್ಟರ್ನೇಟರ್ ಬಿಡುವಿಲ್ಲದೆ ಪೂರ್ತಿ ದುಡಿದು ಕಾದು ಸುಡುತ್ತದೆ. ತುಂಬಿದೊಡನೆ ಬಿಎಂಎಸ್ (ಲಿಥಿಯಂ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಥಟ್ಟನೆ ಸಂಪರ್ಕ ಕಡಿದರೆ ವೋಲ್ಟೇಜ್ ಜಿಗಿದು ಆಲ್ಟರ್ನೇಟರಿನ ಡಯೋಡ್ ಹೋಗುತ್ತದೆ. ಆಲ್ಟರ್ನೇಟರ್ ಎಂಜಿನ್ನಿನ ಲೆಡ್ ಬ್ಯಾಟರಿಗೆ, ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ, ಇದು ಸರಿಯಾದ ದಾರಿ. ಇನ್ನು ವೋಲ್ಟ್‌ಮೀಟರ್ ನೋಡಿ ಲಿಥಿಯಂನಲ್ಲಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಮುಕ್ಕಾಲು ಇದ್ದಾಗಲೂ ಅರ್ಧ ಇದ್ದಾಗಲೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಶಂಟ್ ಹಾಕಿದ ಮಾನಿಟರ್ ಬೇಕು, ಅದು ಒಳಹರಿವು ಹೊರಹರಿವನ್ನೇ ಎಣಿಸುವ ಯಂತ್ರ.

ವೈರಿನಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್ ಇದ್ದರೆ ಹೋಗಿಬರುವ ದಾರಿ 12 ಮೀಟರ್. 4 ಚದರ ಎಂಎಂ ವೈರಿನಲ್ಲಿ 10 ಆಂಪ್ ಹರಿದರೆ ಅರ್ಧ ವೋಲ್ಟಿಗೂ ಮಿಗಿಲಾಗಿ ದಾರಿಯಲ್ಲೇ ಸೋರುತ್ತದೆ. 6 ಚದರ ಎಂಎಂ ಹಾಕಿದರೆ 0.35 ವೋಲ್ಟ್, ಅಂದರೆ ಮೂರು ಶೇಕಡಾದೊಳಗೆ. ಬ್ಯಾಟರಿ ಇಳಿದಾಗ ಆ ಅರ್ಧ ವೋಲ್ಟೇ ಫ್ರಿಜ್ಜನ್ನು ಕಟ್ ಮಾಡಿಸುತ್ತದೆ, ಜನ ಫ್ರಿಜ್ಜು ಕೆಟ್ಟಿತು ಎಂದು ಕಂಪ್ರೆಸರ್ ಬಿಚ್ಚುತ್ತಾರೆ. ಮನೆಗೆ ಹಾಕುವ ಬರೀ ತಾಮ್ರದ ವೈರು ಉಪ್ಪುಗಾಳಿಗೆ ಇನ್ಸುಲೇಷನ್ ಒಳಗೇ ಹಸಿರುಗಟ್ಟುತ್ತ ಹೋಗುತ್ತದೆ. ತವರ ಲೇಪಿಸಿದ, ಎಳೆಎಳೆಯಾದ ತಾಮ್ರವೇ ಬೇಕು. ತುದಿಯ ಟರ್ಮಿನಲ್ಲನ್ನು ಒತ್ತಿ ಕ್ರಿಂಪ್ ಮಾಡಿ, ಒಳಗೆ ಅಂಟು ಸವರಿದ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ. ಬರೀ ಬೆಸುಗೆಯನ್ನು ನಂಬಿದರೆ ಅಲುಗಾಟಕ್ಕೆ ಬೆಸುಗೆ ಮುಗಿದ ಜಾಗದಲ್ಲೇ ಎಳೆ ಮುರಿಯುತ್ತದೆ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ.

ನೀರಿನದು ಇನ್ನೂ ಕಷ್ಟದ ಲೆಕ್ಕ, ಏಕೆಂದರೆ ಈ ಕಟ್ಟೆಗೆ ಜಲಾನಯನವೇ ಇಲ್ಲ. ಕರ್ನಾಟಕದ ಕರಾವಳಿಯಲ್ಲಿ ಹಾಯಿ ಬಿಚ್ಚುವ ಕಾಲ ಅಕ್ಟೋಬರಿನಿಂದ ಮೇವರೆಗೆ. ಅದರಲ್ಲಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲವೆಂದೇ ಲೆಕ್ಕ. ಉಳಿದಂತೆ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 6 ಚದರ ಮೀಟರ್ ನೆರಳಿನ ಬಟ್ಟೆಗೆ 10 ಮಿಲಿಮೀಟರ್ ಮಳೆಯಾದರೆ 60 ಲೀಟರ್. ಮೊದಲ ಹತ್ತು ನಿಮಿಷದ್ದನ್ನು ಕಡಲಿಗೇ ಬಿಡಬೇಕು, ಅದರಲ್ಲಿ ಉಪ್ಪೂ ಹಕ್ಕಿಯ ಹಿಕ್ಕೆಯೂ ಇರುತ್ತದೆ.

ಹಾಗಾಗಿ ಒಳಹರಿವೆಂದರೆ ಬಂದರಿನ ನಲ್ಲಿಯಿಂದ ಸಣ್ಣ ದೋಣಿಯಲ್ಲಿ ಹೊತ್ತು ತರುವ 20 ಲೀಟರ್ ಕ್ಯಾನು. ಒಬ್ಬರಿಗೆ ದಿನಕ್ಕೆ 10 ಲೀಟರಿನಲ್ಲಿ ಮುಗಿಸಬಹುದು: ಕುಡಿಯಲು 4, ಅಡುಗೆಗೆ 2, ಮಿಕ್ಕದ್ದು ಮೈಗೆ. ಪಾತ್ರೆ ಸಮುದ್ರದ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಸಿಹಿನೀರಿನಲ್ಲಿ ಅದ್ದಿದರೆ ಸಾಕು, ಆದರೆ ಬಂದರಿನೊಳಗಿನ ನೀರಿನಲ್ಲಿ ಬೇಡವೇ ಬೇಡ. ಸಿಂಕಿಗೆ ಒತ್ತಡದ ಪಂಪಿಗಿಂತ ಕಾಲಲ್ಲಿ ಒತ್ತುವ ಪಂಪು ಒಳ್ಳೆಯದು. ನಲ್ಲಿ ತಿರುಗಿಸಿದರೆ ಸುರಿಯುವ ನೀರನ್ನು ಯಾರೂ ಲೆಕ್ಕ ಇಡುವುದಿಲ್ಲ, ಕಾಲು ನೋವು ತಾನಾಗಿ ಲೆಕ್ಕ ಇಡುತ್ತದೆ. 200 ಲೀಟರಿನ ಒಂದು ಟ್ಯಾಂಕಿಗಿಂತ 100ರ ಎರಡು ಲೇಸು, ನಡುವೆ ವಾಲ್ವ್ ಮುಚ್ಚಿರಬೇಕು. ಒಂದರ ನೀರು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ನಲ್ಲಿಯ ನೀರನ್ನು ನೇರ ಟ್ಯಾಂಕಿಗೆ ಬಿಡದೆ ಮೊದಲು ಕ್ಯಾನಿಗೆ ಹಿಡಿದು ಮೂಸಿ, ರುಚಿ ನೋಡಿ. ಟ್ಯಾಂಕು ತೊಳೆಯಲು 100 ಲೀಟರ್ ನೀರಿಗೆ ವಾಸನೆ ಬೆರೆಸದ 5 ಶೇಕಡಾದ ಬ್ಲೀಚ್ ದ್ರಾವಣ 100 ಎಂಎಲ್, ನಾಲ್ಕು ಗಂಟೆ ಬಿಟ್ಟು, ಎಲ್ಲ ನಲ್ಲಿಗಳಿಂದಲೂ ಹರಿಸಿ ಖಾಲಿ ಮಾಡಿ, ಎರಡು ಸಲ ಸಿಹಿನೀರು ತುಂಬಿಸಿ ಚೆಲ್ಲಬೇಕು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಇಟ್ಟುಕೊಂಡವರು ಅದರ ಪೊರೆಗೆ ಈ ಕ್ಲೋರಿನ್ ನೀರು ತಾಗಿಸಬಾರದು, ಪೊರೆ ಹಾಳಾಗುತ್ತದೆ. ಬಂದರಿನ ಎಣ್ಣೆ ನೀರೂ ಹಾಗೆಯೇ.

ಅಡುಗೆಮನೆಯಲ್ಲಿ ಗ್ಯಾಸಿನದ್ದೇ ಚಿಂತೆ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಹೋದೀತು. ದೋಣಿ ಎಂದರೆ ಬಾಯಿ ಮೇಲೆ ಮಾಡಿದ ಬೋಗುಣಿ, ಸೋರಿದ್ದು ತಳದಲ್ಲೇ ಮಡುಗಟ್ಟಿ ಎಂಜಿನ್ನಿನ ಕಿಡಿಗೆ ಕಾಯುತ್ತದೆ. ಸಿಲಿಂಡರಿಗೆ ಹೊರಗಿನಿಂದಲೇ ಬಾಗಿಲಿರುವ ಪ್ರತ್ಯೇಕ ಗೂಡು, ಆ ಗೂಡಿನ ತಳದಿಂದ ಕಡಲಿಗೆ ತೆರೆಯುವ ಕೊಳವೆ, ಅಡುಗೆ ಮುಗಿದೊಡನೆ ಸಿಲಿಂಡರಿನಲ್ಲೇ ಬಂದ್, ಇವುಗಳಲ್ಲಿ ಒಂದೂ ಬಿಡುವಂತಿಲ್ಲ. ಕುಕ್ಕರ್ ಇರಲಿ: ಗ್ಯಾಸು, ನೀರು ಎರಡೂ ಉಳಿಯುತ್ತದೆ, ಉರುಳಿದರೂ ಮುಚ್ಚಳ ಬೀಗದಂತೆ ಕೂತಿರುವುದರಿಂದ ಬಿಸಿ ಸಾರು ಮೈಮೇಲೆ ಬೀಳುವುದಿಲ್ಲ. ಮುದ್ದೆ ತಿರುವುವವರಿಗೆ ಒಂದು ಮಾತು. ಒಲೆಯ ತೂಗುಚೌಕಟ್ಟಿಗೆ ಬೀಗ ಹಾಕಿ, ಪಾತ್ರೆಯನ್ನು ಹಿಡಿಕೆಗಳಿಂದ ಬಿಗಿದ ಮೇಲೆಯೇ ಕೋಲು ಹಾಕಬೇಕು. ತೂಗಾಡುವ ಒಲೆಯ ಮೇಲೆ ತಿರುವಿದರೆ ಒಲೆಯೇ ತಿರುಗುತ್ತದೆ. ಲಂಗರಿನಲ್ಲಿರುವಾಗ ಮಾಡಿದರೆ ಇನ್ನೂ ಮೇಲು.

ಊರಿನಿಂದ ಒಯ್ಯುವ ಸಾಮಾನಿನಲ್ಲಿ ಕೈಕೊಡುವುದು ಬೆಲ್ಲ. ಮಂಡ್ಯದಲ್ಲಿ ಗಟ್ಟಿ ಅಚ್ಚಾಗಿದ್ದದ್ದು ಕಡಲ ಗಾಳಿಯ ತೇವ ಹೀರಿ ವಾರದಲ್ಲಿ ಬೆವರಿ ಕರಗುತ್ತದೆ. ಕಾಲು ಕಿಲೋ ಪೊಟ್ಟಣಗಳಾಗಿ ಗಾಳಿಯಾಡದಂತೆ ಕಟ್ಟಿಸಿ, ಒಂದು ಮುಗಿದ ಮೇಲೆ ಇನ್ನೊಂದು ಒಡೆಯಿರಿ. ರಾಗಿಹಿಟ್ಟೂ ಅಷ್ಟೇ. ರಟ್ಟಿನ ಡಬ್ಬಗಳನ್ನು ದಡದಲ್ಲೇ ಬಿಡಿ, ಅದರ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆ ಬರುತ್ತದೆ.

ಪಾಯಿಖಾನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ತಿಂದು ಅರಗಿಸಿದ್ದನ್ನು ಬಿಟ್ಟು ಬೇರೇನೂ ಅದರೊಳಗೆ ಹೋಗಬಾರದು, ಬಳಸಿದ ಮೇಲೆ ಹೊರಗಿನ ವಾಲ್ವ್ ಬಂದ್, ದಡದ ಹತ್ತಿರ ಕಡಲಿಗೆ ಬಿಡದೆ ಟ್ಯಾಂಕಿನಲ್ಲೇ ಉಳಿಸಿಕೊಳ್ಳಿ.

ದೋಣಿಯವರು ನಿದ್ದೆ ಮಾಡುವುದು ಲಂಗರಿನ ಮೇಲೆ ಭಾರ ಹಾಕಿ. ಅಲ್ಲಿಯೂ ಎಲ್ಲರೂ ಲಂಗರಿನ ತೂಕ ಕೇಳುತ್ತಾರೆ, ಸರಪಳಿಯ ಉದ್ದ ಕೇಳುವುದಿಲ್ಲ. ನೀರಿನ ಆಳ 4 ಮೀಟರ್, ದೋಣಿಯ ಮೂತಿ ನೀರಿನಿಂದ 1.2 ಮೀಟರ್ ಮೇಲೆ, ಉಬ್ಬರಕ್ಕೆ ಇನ್ನೂ 1.5 ಏರುತ್ತದೆ ಎಂದರೆ ಒಟ್ಟು 6.7. ಪೂರ್ತಿ ಸರಪಳಿಯಾದರೆ ಅದರ ಐದು ಪಟ್ಟು, ಸುಮಾರು 34 ಮೀಟರ್. ಹಗ್ಗ ಸೇರಿದ್ದರೆ ಏಳು ಪಟ್ಟು, 47. ಇಳಿತದಲ್ಲಿ ಬಂದು ಕಣ್ಣಿಗೆ ಕಂಡ ಆಳಕ್ಕೇ ಲೆಕ್ಕ ಹಾಕಿದವರ ಲಂಗರು ನಡುರಾತ್ರಿ ಉಬ್ಬರ ಬಂದಾಗ ಜಾರುತ್ತದೆ. ಸರಪಳಿ ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ ನಿಧಾನ ಎಳೆದು, ದಡದ ಎರಡು ಗುರುತುಗಳು ಒಂದರ ಹಿಂದೊಂದು ಅಲುಗದೆ ನಿಂತಿವೆಯೇ ನೋಡಿ.

ಮಂಗಳೂರಿನಿಂದ ಕಾರವಾರಕ್ಕೆ ಕಡಲದಾರಿ ಸುಮಾರು 120 ನಾಟಿಕಲ್ ಮೈಲಿ. ಚಳಿಗಾಲ, ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಏಳುತ್ತದೆ, ಬಡಗಣಕ್ಕೆ ಹೋಗುವವರಿಗೆ ಅದು ಎದುರು. ನಸುಕಿನಲ್ಲಿ ದಡದಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ ಮಧ್ಯಾಹ್ನದೊಳಗೆ ಲಂಗರು ಹಾಕುವವರಿಗೆ ಆಟೊಪೈಲಟ್ಟಿನ ಖರ್ಚೂ ಕಡಿಮೆ. ಕತ್ತಲಲ್ಲಿ ಮೀನುಬಲೆಯ ಬೆಂಡುಗಳು ಕಾಣುವುದಿಲ್ಲ, ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತವೆ. ಹೊನ್ನಾವರದ ಶರಾವತಿಯಂಥ ಅಳಿವೆಗಳಿಗೆ ಇಳಿತದ ಹೊತ್ತಿನಲ್ಲಿ ನುಗ್ಗಬೇಡಿ: ಹೊರಬರುವ ನದಿ, ಒಳಬರುವ ಅಲೆ ಎದುರಾಗಿ ಮರಳದಿಬ್ಬದ ಮೇಲೆ ಅಲೆ ಎದ್ದು ನಿಲ್ಲುತ್ತದೆ. ಅನುಮತಿಯಿಲ್ಲದ ಸ್ಯಾಟಲೈಟ್ ಫೋನ್ ನಮ್ಮ ದೇಶದಲ್ಲಿ ಅಪರಾಧ, ಹೊರದೇಶದಿಂದ ಬಂದ ದೋಣಿಯವರಿಗೂ ಇದನ್ನು ಮೊದಲೇ ಹೇಳಿ. ತುರ್ತು ಕರೆಗಳ ವಿಎಚ್‌ಎಫ್ ಚಾನೆಲ್ 16 ಕಿವಿಗೆ ಬೀಳುತ್ತಿರಲಿ. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554.

ಜೋಡಣೆ ಮುಗಿದ ಮೇಲೆ ಶೆಡ್ಡಿನ ಪರೀಕ್ಷೆಗೆ ಬೆಲೆ ಇಲ್ಲ, ಹಿನ್ನೀರಿನ ಪರೀಕ್ಷೆಗೂ ಅಷ್ಟೇ. ಸಿಹಿನೀರಿನಲ್ಲಿ ಸುಮ್ಮನಿರುವ ಸೋರುಕರೆಂಟ್ ಉಪ್ಪುನೀರಿನಲ್ಲಿ, ದೋಣಿಯ ಲೋಹ ಸವೆಯದಂತೆ ಕಟ್ಟಿರುವ ಸತುವಿನ ಆನೋಡನ್ನು ತಿಂದುಹಾಕುತ್ತದೆ. ದೋಣಿ ಕಡಲಲ್ಲಿ ಲಂಗರು ಹಾಕಿರುವಾಗ ಸಂಜೆ ಆರಕ್ಕೆ ಸೋಲಾರ್ ಬ್ರೇಕರ್ ಇಳಿಸಿ, ಫ್ರಿಜ್ಜು ತುಂಬಿ, ದೀಪ, ಫ್ಯಾನು ಎಂದಿನಂತೆ ಬಳಸಿ, ಮರುದಿನ ಸಂಜೆ ಆರಕ್ಕೆ ಶಂಟ್ ಓದಿ. ಆ ಅಂಕಿಯನ್ನು ಬೋರ್ಡಿನ ಒಳಬಾಗಿಲಿಗೆ ಪೆನ್ನಿನಲ್ಲಿ ಬರೆಯಿರಿ. ಅದೇ ರಾತ್ರಿ ನೀರಿನ ಪಂಪಿನ ಸ್ವಿಚ್ ಹಾಕಿಯೇ ಮಲಗಿ. ಯಾರೂ ನಲ್ಲಿ ಮುಟ್ಟದಿದ್ದರೂ ಪಂಪು ಎರಡು ಸೆಕೆಂಡ್ ಕರ್ರ್ ಎಂದರೆ ಎಲ್ಲೋ ಜೋಡಣೆ ಸೋರುತ್ತಿದೆ. ಬೆಳಿಗ್ಗೆ ಟಾರ್ಚ್ ಹಿಡಿದು ಮೊದಲು ಗೀಸರಿನ ಹಿಂದಿನ ಕ್ಲಿಪ್ಪು ನೋಡಿ.