ಸ್ಪ್ಯಾನಿಷ್ ಕಲಿಯಲು ಸ್ಪೇನಿಗೇ ಹೋಗಬೇಕಾ?

ನಾನು ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ, ಮದುವೆ ಮನೆಯಲ್ಲಿ, ಡಿಗ್ರಿ ಓದುವ ಮಕ್ಕಳ ಅಪ್ಪ ಅಮ್ಮ ಕೇಳುತ್ತಾರೆ: "ಮೊಬೈಲಲ್ಲೇ ಕಲಿಯಬಹುದಲ್ವಾ? ಅಷ್ಟು ದುಡ್ಡು ಸುರಿದು ಅಲ್ಲಿಗೇ ಯಾಕೆ ಹೋಗಬೇಕು?"

ಸಾಧ್ಯವಾದರೆ ಹೋಗಲೇಬೇಕು ಅಂತ ನಾನು ಹೇಳುತ್ತೇನೆ. ಆದರೆ ಯಾವ ಕಾಲೇಜು ಎಂಬುದಕ್ಕಿಂತ ಯಾರ ಮನೆಯಲ್ಲಿ ಉಳಿಯುತ್ತಾರೆ ಎಂಬುದನ್ನು ಮೊದಲು ನೋಡಿ.

ಶುರುವಿನ ಪಾಠ ಮೊಬೈಲಿನಲ್ಲಿ ಚೆನ್ನಾಗಿಯೇ ಆಗುತ್ತದೆ. ಕನ್ನಡದವರಿಗಂತೂ ಸಲೀಸು. ಸ್ಪ್ಯಾನಿಷಿನ ಐದು ಸ್ವರಗಳು ನಮ್ಮ ಕಿವಿಗೆ ಹೊಸತಲ್ಲ. ತ, ದ ಕೂಡ ನಮ್ಮ ಹಾಗೆ ಹಲ್ಲಿಗೆ ತಾಗಿಸಿ ಹೇಳುವಂಥವು. 'ಆಬ್ಲೊ' ಎಂದರೆ ಮಾತಾಡುತ್ತೇನೆ, 'ಆಬ್ಲಾಸ್' ಎಂದರೆ ಮಾತಾಡುತ್ತೀಯ. ನಾನು, ನೀನು ಬೇರೆ ಸೇರಿಸಬೇಕಾಗಿಲ್ಲ. ಮಲಯಾಳದ ಕ್ರಿಯಾಪದ ಹೀಗೆ ಬದಲಾಗುವುದಿಲ್ಲ. ಕನ್ನಡ, ತುಳು ಎರಡರಲ್ಲೂ ಇದು ಉಂಟು. ಕಷ್ಟ ಶುರುವಾಗುವುದು ಮೇಜು ಹೆಣ್ಣು, ಪುಸ್ತಕ ಗಂಡು ಎಂಬಲ್ಲಿ.

ಮೊಬೈಲಿನ ಪಾಠದಲ್ಲಿ ಒಬ್ಬರು ಮಾತಾಡಿ ನಿಲ್ಲಿಸುತ್ತಾರೆ, ಆಮೇಲೆ ನಮ್ಮ ಸರದಿ. ಸ್ಪೇನಿನ ಊಟದ ಮೇಜಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುತ್ತಾರೆ! ಮಧ್ಯಾಹ್ನದ ಊಟ 2 ಗಂಟೆಯ ಮೇಲೆ, ರಾತ್ರಿಯದ್ದು 9ರ ಮೇಲೆ. ಊಟ ಮುಗಿದರೂ ಯಾರೂ ಏಳುವುದಿಲ್ಲ. ರಾಜಕೀಯ, ಫುಟ್‌ಬಾಲ್, ಪಕ್ಕದ ಮನೆಯವರ ಸುದ್ದಿ, ಎಲ್ಲ ಅಲ್ಲೇ. ನಾನು ಓದಿದ್ದು ಸಲಮಾಂಕದಲ್ಲಿ. 1218ರಿಂದ ವಿಶ್ವವಿದ್ಯಾಲಯ ಇರುವ ಊರು ಅದು. ತರಗತಿಯಲ್ಲಿ ವ್ಯಾಕರಣ ಬಂತು. ಮಾತು ಬಂದದ್ದು ನಾನಿದ್ದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ. ಮಾಂಸ ತಿನ್ನುವುದಿಲ್ಲ ಎಂದರೆ ಅವರು ಮೀನು ಕೊಡುತ್ತಿದ್ದರು. ಬೇಳೆ ಸಾರಿನಂಥದ್ದು ಮಾಡಿದರೆ ಅದರಲ್ಲೂ ಹಂದಿ ಮಾಂಸದ ಚೂರು ಬೀಳುತ್ತಿತ್ತು, ರುಚಿಗೆ ಅಂತ. ನಮ್ಮ ಮನೆಯ ಊಟ ಹೇಗೆ, ಯಾಕೆ ಹಾಗೆ ಎಂದು ವಿವರಿಸುತ್ತಾ ಹೋದೆ. ಹೇಳಲೇಬೇಕಾದ ಮಾತು ಇದ್ದಾಗ ಭಾಷೆ ಬೇಗ ಬರುತ್ತದೆ.

ಇನ್ನೊಂದು ವಿಷಯ ಅಲ್ಲಿದ್ದರೆ ಮಾತ್ರ ಅರ್ಥವಾಗುವುದು. ವಿದ್ಯಾರ್ಥಿಗಳು ಮೇಷ್ಟ್ರನ್ನು ಹೆಸರು ಹಿಡಿದು ಕರೆದು, 'ನೀನು' ಎಂದೇ ಮಾತಾಡುತ್ತಾರೆ. ನಮಗೆ ನಾಲಿಗೆ ಏಳುವುದಿಲ್ಲ, ಅಲ್ವಾ? ಅಲ್ಲಿ ಅದು ಸಲಿಗೆ, ಅಗೌರವ ಅಲ್ಲ. ನಾವು 'ನೀವು' ಬಿಡದೇ ಹಿಡಿದುಕೊಂಡರೆ, ಇವರಿಗೆ ನಮ್ಮ ಜೊತೆ ಬೆರೆಯಲು ಇಷ್ಟವಿಲ್ಲವೇನೋ ಅಂದುಕೊಳ್ಳಬಹುದು.

ಊರು ಆರಿಸುವಾಗಲೂ ಯೋಚಿಸಿ. ಬಾರ್ಸಿಲೋನಾ ಎಲ್ಲರಿಗೂ ಗೊತ್ತಿರುವ ಹೆಸರು. ಆದರೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಆ ಪ್ರದೇಶದ ಸ್ವಂತ ಭಾಷೆಯಾದ ಕೆಟಲಾನ್‌ನಲ್ಲಿ ಪಾಠ ಜಾಸ್ತಿ. 1975ರಲ್ಲಿ ತೀರಿಹೋದ ಸರ್ವಾಧಿಕಾರಿ ಫ್ರಾಂಕೊ ಆ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರಗಿಟ್ಟಿದ್ದ. ಜನ ಅದನ್ನು ಮನೆಯಲ್ಲಿ ಉಳಿಸಿಕೊಂಡರು. 1956ರಿಂದ ಕೇರಳದೊಳಗೆ ಕನ್ನಡ ಶಾಲೆ ಉಳಿಸಿಕೊಂಡು ಬಂದ ನಮಗೆ ಆ ಹಟ ಅರ್ಥವಾಗುತ್ತದೆ. ನಮ್ಮ ಮಕ್ಕಳು ಅದನ್ನು ನೋಡಬೇಕು ಎಂಬ ಆಸೆ ನನಗೆ ತುಂಬಾ ಉಂಟು. ಆದರೂ ಸ್ಪ್ಯಾನಿಷ್ ಕಲಿಯುವುದೇ ಗುರಿಯಾದರೆ ಮೊದಲು ಸಲಮಾಂಕ, ಗ್ರನಾಡಾ, ವಯ್ಯಾದೊಲಿದ್‌ನಂಥ ಊರು ಒಳ್ಳೆಯದು.

ಕಾಸರಗೋಡಿನ ಮಕ್ಕಳ ಬಗ್ಗೆ ನನಗೆ ಭಯವಿಲ್ಲ. ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು. ಅರ್ಧಂಬರ್ಧ ಗೊತ್ತಿದ್ದರೂ ಬಾಯಿ ಬಿಡುವ ಧೈರ್ಯ ಅವರಿಗೆ ಚಿಕ್ಕಂದಿನಿಂದ ಉಂಟು. ಭಯ ಇರುವುದು ಅವರು ಅಲ್ಲಿ ಹೋಗಿ ನಮ್ಮವರ ಜೊತೆಯೇ ರೂಮು ಮಾಡುತ್ತಾರಲ್ಲಾ ಎಂದು. ಅನ್ನ ಸಾರು ಸಿಗುತ್ತದೆ, ಬೇಸರ ಕಳೆಯುತ್ತದೆ. ಸ್ಪ್ಯಾನಿಷ್ ಮಾತ್ರ ತರಗತಿಯಲ್ಲೇ ಉಳಿಯುತ್ತದೆ.

ಹಾಗಾಗಿ ಎ2 ಹಂತದವರೆಗೆ, ಅಂದರೆ ದಿನಬಳಕೆಯ ಸರಳ ಮಾತು ಬರುವಷ್ಟು, ಇಲ್ಲೇ ಕಲಿತು ಹೋಗಲಿ. ಸ್ಪ್ಯಾನಿಷ್ ಕಲಿಸುವ, ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ದೆಹಲಿಯಲ್ಲಿದೆ. ಮನೆ ಹುಡುಕುವಾಗ ವೈಫೈ ಬಗ್ಗೆ ಕೇಳುವ ಮೊದಲು, ರಾತ್ರಿ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಾರಾ ಎಂದು ಕೇಳಿ. ಇಲ್ಲ ಎಂದರೆ, ಬಾಡಿಗೆ ಕಡಿಮೆಯಿದ್ದರೂ ಬೇರೆ ಮನೆ ನೋಡಿ.