ಹನಿ ಹಾಕಿ ತೋರಿಸಿ ಅಂತ ಕೇಳಿ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಕೆಲಸ ಶುರುವಾಗುವುದು ಆಪರೇಷನ್ ಮುಗಿದ ಮೇಲೆ. ಪೊರೆ ತೆಗೆಸಿಕೊಂಡವರನ್ನು ಮನೆಗೆ ಕಳಿಸುವ ಮೊದಲು ಕೂರಿಸಿಕೊಂಡು, ಯಾವ ಡ್ರಾಪ್ಸ್ ಎಷ್ಟು ಹೊತ್ತಿಗೆ, ಎಷ್ಟು ದಿನ ಅಂತ ಹೇಳಿಕೊಡುವ ನರ್ಸ್ ನಾನು. ಆಪರೇಷನ್ ನಿಮಿಷಗಳ ಲೆಕ್ಕದಲ್ಲಿ ಮುಗಿಯುತ್ತದೆ. ಹನಿಗಳ ಕೆಲಸ ವಾರಗಟ್ಟಲೆ ನಡೆಯುತ್ತದೆ, ಅದೂ ನಮ್ಮ ಕಣ್ಣೆದುರಿಗಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ: "ಗೊತ್ತಾಯ್ತಾ?" ಅಂತ ಕೇಳಬೇಡಿ, "ಒಂದು ಹನಿ ಹಾಕಿ ತೋರಿಸಿ" ಅನ್ನಿ.

"ಗೊತ್ತಾಯ್ತಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಬಾಟಲಿ ಕೈಗೆ ಕೊಟ್ಟು ನೋಡಿ. ಒಬ್ಬ ಅಜ್ಜಿ ನಾನು ಹೇಳಿದ್ದನ್ನೆಲ್ಲ ಒಂದೂ ತಪ್ಪದೆ ಒಪ್ಪಿಸಿದರು. ಆ ಹೊತ್ತಿಗೆ ಹಾಕಬೇಕಿದ್ದ ಹನಿಯನ್ನು "ನೀವೇ ಹಾಕಿಕೊಳ್ಳಿ ಅಮ್ಮ" ಅಂದಾಗ ತಲೆ ಎತ್ತಿದರು, ಹನಿ ಬೀಳುವ ಮೊದಲೇ ಕಣ್ಣು ಮುಚ್ಚಿದರು, ಔಷಧಿ ಕೆನ್ನೆ ಮೇಲೆ ಇಳಿಯಿತು. ಎರಡನೇ ಸಲ ಗುರಿ ತಪ್ಪಬಾರದೆಂದು ಬಾಟಲಿಯ ಮೂತಿಯನ್ನು ರೆಪ್ಪೆಗೇ ತಾಗಿಸಿದರು. ಮನೆಯಲ್ಲೂ ಹೀಗೇ ಆದರೆ ರೆಪ್ಪೆಯ ಮೇಲಿನ ಕೀಟಾಣು ಬಾಟಲಿಗೆ ಸೇರುತ್ತದೆ, ಅಲ್ಲಿಂದ ಇನ್ನೂ ಮಾಯುತ್ತಿರುವ ಗಾಯಕ್ಕೆ. ಅವರೊಬ್ಬರೇ ಅಲ್ಲ. ಪೊರೆ ಆಪರೇಷನ್ ಆದ, ಅದುವರೆಗೆ ಡ್ರಾಪ್ಸ್ ಹಾಕಿಕೊಂಡು ರೂಢಿಯಿಲ್ಲದವರನ್ನು ಗಮನಿಸಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನ ಹಾಕುವ ಕ್ರಮದಲ್ಲಿ ಒಂದಲ್ಲ ಒಂದು ತಪ್ಪು ಮಾಡಿದ್ದರು. ತಮಗೆ ಹನಿ ಗುರಿ ತಪ್ಪಿದ್ದೇ ಇಲ್ಲ ಎಂದು ನಂಬಿದವರೂ ಅವರಲ್ಲಿ ಬಹಳ ಮಂದಿ.

ಆ ಅಜ್ಜಿಗೆ ಮಲಗಿಕೊಂಡು ಹಾಕಿಕೊಳ್ಳುವುದು ಸುಲಭವಾಯಿತು. ಕೈ ತೊಳೆದುಕೊಂಡು, ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆಳೆದು, ಅಲ್ಲಿ ಆಗುವ ಸಣ್ಣ ಜೇಬಿನಂಥ ಜಾಗಕ್ಕೆ ಒಂದೇ ಹನಿ. ಕಣ್ಣುಗುಡ್ಡೆಯನ್ನು ಒತ್ತುವಂತಿಲ್ಲ. ಆಮೇಲೆ ಒಂದೆರಡು ನಿಮಿಷ ಕಣ್ಣು ಮುಚ್ಚಿ, ಕಣ್ಣಿನ ಒಳಮೂಲೆಯನ್ನು ಮೂಗಿನ ಬುಡದ ಕಡೆಗೆ ಹಗುರಾಗಿ ಅದುಮಬೇಕು. ಹಾಗೆ ಮಾಡಿದರೆ ಔಷಧಿ ಗಂಟಲಿಗೆ ಇಳಿದುಹೋಗದೆ ಕಣ್ಣಲ್ಲೇ ನಿಲ್ಲುತ್ತದೆ. ಎರಡು ಹನಿ ಹಾಕಿದರೆ ಎರಡು ಪಟ್ಟು ಗುಣ ಅನ್ನುವವರಿಗೆ ಹೇಳುತ್ತೇನೆ: ಒಂದು ಹನಿಯೇ ಕಣ್ಣಲ್ಲಿ ಪೂರ್ತಿ ನಿಲ್ಲುವುದಿಲ್ಲ, ಎರಡನೆಯದು ಹೊರಗೇ ಹರಿಯುತ್ತದೆ. ಬೇರೆ ಔಷಧಿ ಹಾಕಬೇಕಿದ್ದರೆ ನಡುವೆ 5 ನಿಮಿಷ ಬಿಡಬೇಕು, ಇಲ್ಲದಿದ್ದರೆ ಮೊದಲಿನದನ್ನು ಎರಡನೆಯದು ತೊಳೆದುಬಿಡುತ್ತದೆ.

ಇನ್ನು ಉರಿಯೂತ ಇಳಿಸುವ ಹನಿಗಳು. ನನ್ನ ಹೆಚ್ಚಿನ ಸಮಯ ಹೋಗುವುದು ಇವುಗಳ ಮೇಲೆಯೇ, ಏಕೆಂದರೆ ಸಾಮಾನ್ಯವಾಗಿ ಎರಡು ಬಗೆ ಒಟ್ಟಿಗೆ ಇರುತ್ತವೆ. ಒಂದು ಸ್ಟೀರಾಯ್ಡ್: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಡೈಫ್ಲುಪ್ರೆಡ್ನೇಟ್, ಹೀಗೆ. ಇನ್ನೊಂದು ಸ್ಟೀರಾಯ್ಡ್ ಅಲ್ಲದ್ದು: ನೆಪಾಫೆನಾಕ್, ಕೆಟೋರೋಲಾಕ್, ಬ್ರೋಮ್‌ಫೆನಾಕ್. ನೋಡಲು ಎರಡೂ ಪುಟ್ಟ ಬಿಳಿ ಬಾಟಲಿಗಳೇ ಆಗಿರಬಹುದು, ಆದರೆ ಹಾಕುವ ಲೆಕ್ಕ ಬೇರೆ, ನಿಲ್ಲಿಸುವ ಲೆಕ್ಕವೂ ಬೇರೆ. ಸ್ಟೀರಾಯ್ಡನ್ನು ಬಹುಪಾಲು ವಾರವಾರಕ್ಕೆ ಕಡಿಮೆ ಮಾಡುತ್ತಾ ಬರುತ್ತಾರೆ. ತಟ್ಟನೆ ನಿಲ್ಲಿಸಿದರೆ ಉರಿಯೂತ ಮತ್ತೆ ತಲೆ ಎತ್ತಬಹುದು. ನೆಪಾಫೆನಾಕ್ ಬ್ರೋಮ್‌ಫೆನಾಕ್‌ಗಳಿಗೆ ಆ ಇಳಿಕೆಯ ಲೆಕ್ಕ ಸಾಮಾನ್ಯವಾಗಿ ಇರುವುದಿಲ್ಲ. ನೆಪಾಫೆನಾಕ್‌ನಲ್ಲೇ 0.1 ಶೇಕಡಾದ್ದು ದಿನಕ್ಕೆ ಮೂರು ಸಲ, 0.3 ಶೇಕಡಾದ್ದು ಒಂದೇ ಸಲ. ಮೊದಲ ಬಾಟಲಿ ಖಾಲಿಯಾಗಿ ಇನ್ನೊಂದು ತಂದಾಗ ಈ ಅಂಕಿ ಬದಲಾಗಿದೆಯೇ ನೋಡಲೇಬೇಕು. ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್, ಎರಡು ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟರೆ ಅಕ್ಷರ ಮಸುಕಾಗಿ ಕಾಣುವ ದಿನಗಳಲ್ಲೂ ಕೈಗೆ ಗುರುತು ಸಿಗುತ್ತದೆ. ಮುಚ್ಚಳದ ಬಣ್ಣ ನಂಬಿ ಅಂತ ನಾನು ಹೇಳುವುದಿಲ್ಲ, ಕಂಪನಿಯಿಂದ ಕಂಪನಿಗೆ ಅದು ಬೇರೆಯಾಗಬಹುದು.

ಅಲುಗಾಡಿಸುವುದೂ ಮುಖ್ಯ. ಪ್ರೆಡ್ನಿಸೊಲೋನ್ ಅಸಿಟೇಟ್ ಮತ್ತು ನೆಪಾಫೆನಾಕ್‌ಗಳಲ್ಲಿ ಔಷಧಿಯ ಕಣಗಳು ತಳಕ್ಕೆ ಇಳಿದಿರುತ್ತವೆ. ಅಲುಗಾಡಿಸದೆ ಹಾಕಿದರೆ ಮೊದಮೊದಲು ಔಷಧಿ ಕಮ್ಮಿ, ಬಾಟಲಿ ಮುಗಿಯುವ ಹೊತ್ತಿಗೆ ಜಾಸ್ತಿ.

"ಇದು ನೋವಿನ ಹನಿ" ಅಂತ ಹೇಳಿ ಕೊಡುವ ಪದ್ಧತಿ ನನಗೆ ಇಷ್ಟವಿಲ್ಲ. ನೋವು ಹೋದ ದಿನವೇ ಜನ ಅದನ್ನು ಬಿಡುತ್ತಾರೆ. ಆದರೆ ಆಪರೇಷನ್ ನಂತರ ಕಣ್ಣಿನ ಹಿಂಭಾಗದ ದೃಷ್ಟಿಪಟಲದ ನಡುಭಾಗ ಊದಿಕೊಂಡು ದೃಷ್ಟಿ ಮಸುಕಾಗುವ ತೊಂದರೆಯೊಂದಿದೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಾಲ್ಕರಿಂದ ಆರನೇ ವಾರದ ಹೊತ್ತಿಗೆ, ನೋವೇ ಇಲ್ಲದೆ. ಸಕ್ಕರೆ ಕಾಯಿಲೆ ಇರುವವರಿಗೆ ಸಾಧ್ಯತೆ ಹೆಚ್ಚು. ಹನಿ ಬರೆದಿರುವುದು ಅದನ್ನು ತಡೆಯುವುದಕ್ಕೂ ಹೌದು ಅಂತ ತಿಳಿದವರು ಅರ್ಧಕ್ಕೆ ಬಿಡುವುದು ಕಡಿಮೆ.

ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ನಿಲ್ಲಿಸದವರು. ಒಬ್ಬರು ತಪಾಸಣೆಯ ದಿನ ತಪ್ಪಿಸಿ, ಕಣ್ಣಿಗೆ ಹಾಯೆನಿಸುತ್ತದೆ ಅಂತ ಸ್ಟೀರಾಯ್ಡ್ ಬಾಟಲಿಯನ್ನು ತಾವೇ ಮತ್ತೆ ಮತ್ತೆ ಕೊಂಡು ಹಾಕಿಕೊಳ್ಳುತ್ತಿದ್ದರು. ಬಂದಾಗ ಕಣ್ಣಿನ ಒತ್ತಡ ಏರಿತ್ತು. ಅವರಿಗೆ ನೋವಿಲ್ಲ, ಕೆಂಪಿಲ್ಲ, ಏನೂ ಗೊತ್ತಾಗಿರಲಿಲ್ಲ. ಹೀಗೇ ಮುಂದುವರಿದರೆ ಗ್ಲಾಕೋಮಾ ಆಗಿ ನರ ಹಾಳಾಗುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ. ಸ್ಟೀರಾಯ್ಡ್ ಅಲ್ಲದ ಹನಿಗೂ ಮಿತಿಯಿದೆ. ನೆಪಾಫೆನಾಕ್‌ನ ಮಾಹಿತಿ ಚೀಟಿಯಲ್ಲಿ, ಆಪರೇಷನ್ ಆಗಿ 14 ದಿನ ದಾಟಿದ ಮೇಲೂ ಬಳಸಿದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ತೀವ್ರ ಹಾನಿಯಾಗುವ ಅಪಾಯ ಹೆಚ್ಚಬಹುದು ಎಂಬ ಎಚ್ಚರಿಕೆ ಇದೆ. ವೈದ್ಯರು ಬೇಕೆಂದೇ ಹೆಚ್ಚು ದಿನ ಬರೆಯುವುದುಂಟು, ಆಗ ಅವರ ಕಣ್ಗಾವಲಿರುತ್ತದೆ. ನಾವೇ ದಿನ ಚಾಚುವುದು ಬೇರೆ ಮಾತು.

ಹಾಗಾಗಿ ಹನಿ ಕೊಡುವ ಮೊದಲು ಕೆಲವನ್ನು ನಾನೇ ಕೇಳುತ್ತೇನೆ. ಗ್ಲಾಕೋಮಾ ಇದೆಯೇ, ಹಿಂದೆ ಕಾರ್ನಿಯಾಕ್ಕೆ ಹರ್ಪಿಸ್ ಸೋಂಕು ಆಗಿತ್ತೇ, ಕಣ್ಣು ತೀರಾ ಒಣಗುತ್ತದೆಯೇ, ಸಂಧಿವಾತ ಇದೆಯೇ. ಆಸ್ಪಿರಿನ್ ತೆಗೆದುಕೊಂಡರೆ ಉಬ್ಬಸ ಬರುತ್ತದೆಯೇ ಅನ್ನುವುದನ್ನಂತೂ ಬಿಡುವುದಿಲ್ಲ, ಕೆಟೋರೋಲಾಕ್‌ನಂಥ ಹನಿಗಳೂ ಅಂಥವರಿಗೆ ಆಗದಿರಬಹುದು. ಯಾವುದಕ್ಕಾದರೂ ಹೌದು ಅಂದರೆ ವೈದ್ಯರ ಗಮನಕ್ಕೆ ತಂದ ಮೇಲೆಯೇ ಬಾಟಲಿ ಕೈಗೆ.

ಹಾಕಿದ ಕೂಡಲೇ ಸ್ವಲ್ಪ ಹೊತ್ತು ಚುರುಗುಟ್ಟುವುದು ಸಹಜ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ದೃಷ್ಟಿ ಮಂಜಾದರೆ, ಕೆಂಪು ಹೆಚ್ಚಿ ಕೀವು ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯಬಾರದು, ಅವತ್ತೇ ಬರಬೇಕು. ಕಣ್ಣೊಳಗಿನ ಸೋಂಕು ಹೆಚ್ಚಾಗಿ ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ, ಆಗ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಉಳಿದ ಬಾಟಲಿಯನ್ನು ಎರಡನೇ ಕಣ್ಣಿನ ಆಪರೇಷನ್‌ಗೆ ಇರಲಿ ಅಂತ ಎತ್ತಿಡುವವರು ಬಹಳ. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆಸುತ್ತೇನೆ. ಸಾಮಾನ್ಯವಾಗಿ 4 ವಾರ ಆದ ಮೇಲೆ ಎಷ್ಟೇ ಉಳಿದಿದ್ದರೂ ಎಸೆಯಬೇಕು. ಎರಡನೇ ಕಣ್ಣಿಗೆ ಹೊಸ ಚೀಟಿ, ಹೊಸ ಬಾಟಲಿ, ಮತ್ತೆ ನನ್ನ ಮುಂದೆ ಕೂತು ಒಂದು ಹನಿ.