ನಾನು ಕೊಟ್ಟ ‘ಬೆಲೆ ಇಳಿಕೆ’ ಶೀರ್ಷಿಕೆ

ಪತ್ರಿಕೆಯ ವಾಣಿಜ್ಯ ಡೆಸ್ಕಿನಲ್ಲಿ ಅದು ನನ್ನ ಎರಡನೇ ವರ್ಷ. ಚುನಾವಣೆ ಹತ್ತಿರವಿತ್ತು. ಹಣದುಬ್ಬರದ ತಿಂಗಳ ಅಂಕಿ ಕೈಗೆ ಬಂದಾಗ ಪುಟ ಕಳಿಸುವ ಹೊತ್ತಾಗಿತ್ತು. ದರ ಹಿಂದಿನ ತಿಂಗಳಿಗಿಂತ ತಗ್ಗಿದ್ದನ್ನು ನೋಡಿ ‘ಬೆಲೆ ಇಳಿಕೆ’ ಎಂದು ಶೀರ್ಷಿಕೆ ಕೊಟ್ಟೆ. ಎರಡೇ ಪದ, ಜಾಗಕ್ಕೆ ಸರಿಯಾಗಿ ಕೂತಿತು.

ಮರುದಿನ ಓದುಗರೊಬ್ಬರ ಫೋನ್ ಬಂತು. ಬೈಯಲಿಲ್ಲ. ‘ಯಾವುದರ ಬೆಲೆ ಇಳಿದಿದೆ ಹೇಳ್ತೀರಾ?’ ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಇಳಿದದ್ದು ಬೆಲೆಯಲ್ಲ, ಬೆಲೆ ಏರುವ ವೇಗ. 100 ಇದ್ದದ್ದು ವರ್ಷದಲ್ಲಿ ಶೇ 8 ಏರಿದರೆ 108. ಮರುವರ್ಷ ಏರಿಕೆ ಶೇ 4ಕ್ಕೆ ತಗ್ಗಿದರೂ 112 ದಾಟುತ್ತದೆ. ಓದುಗರು ದಿನವೂ ಹಣ ಕೊಡುವುದು ಆ 112ಕ್ಕೆ. ಮತ ಹಾಕುವ ವಾರಗಳಲ್ಲಿ ನಾನು ಸರ್ಕಾರಕ್ಕೆ ಅದು ಗಳಿಸದ ಅಂಕ ಕೊಟ್ಟಿದ್ದೆ.

ಆ ತಪ್ಪು ಸಿಕ್ಕಿಬಿದ್ದದ್ದು ಬೆಲೆ ಎಲ್ಲರ ಅನುಭವಕ್ಕೂ ಬರುವ ಸಂಗತಿಯಾದ್ದರಿಂದ. ದೇಶದ ಒಟ್ಟು ಉತ್ಪಾದನೆಯ ಲೆಕ್ಕವಾದ ಜಿಡಿಪಿಯ ವಿಷಯದಲ್ಲಿ ಹೀಗೆ ಬರೆದಿದ್ದರೆ ಯಾರೂ ಫೋನ್ ಮಾಡುತ್ತಿರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಅಮೆರಿಕದ ಮತದಾರರನ್ನು ಅಧ್ಯಯನ ಮಾಡಿದ ಡೊನಾಲ್ಡ್ ಕಿಂಡರ್ ಮತ್ತು ರಾಡ್ರಿಕ್ ಕೀವೈಟ್ 1981ರಲ್ಲೇ ತೋರಿಸಿದ್ದರು: ಜನ ತಮ್ಮ ಜೇಬಿಗಿಂತ ಹೆಚ್ಚಾಗಿ ದೇಶದ ಆರ್ಥಿಕತೆ ಹೇಗಿದೆ ಎಂಬುದನ್ನು ನೋಡಿ ಮತ ಹಾಕುತ್ತಾರೆ. ಜೇಬು ಅವರಿಗೇ ಗೊತ್ತು. ದೇಶದ ಸ್ಥಿತಿ ಬಹುಪಾಲು ಗೊತ್ತಾಗುವುದು ನಮ್ಮಂಥವರು ಬರೆದದ್ದರಿಂದ.

1992ರ ಅಮೆರಿಕವನ್ನು ನಾನು ಹೊಸಬರಿಗೆ ಬಿಡದೆ ಹೇಳುತ್ತೇನೆ. ಅಲ್ಲಿ ಆರ್ಥಿಕ ಹಿಂಜರಿತ 1991ರ ಮಾರ್ಚ್‌ನಲ್ಲೇ ಮುಗಿದಿತ್ತು. ಹಾಗೆಂದು ಅಧಿಕೃತವಾಗಿ ಘೋಷಣೆಯಾದದ್ದು 1992ರ ಡಿಸೆಂಬರ್‌ನಲ್ಲಿ, ಆಗಿನ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಅವರು ಬಿಲ್ ಕ್ಲಿಂಟನ್ ಎದುರು ಸೋತು ತಿಂಗಳು ಕಳೆದ ಮೇಲೆ. ಆ ಚುನಾವಣೆಯ ಸುದ್ದಿಯನ್ನು ಹೆಚ್ಚು ಗಮನಿಸಿದವರೇ ಆರ್ಥಿಕತೆ ಹದಗೆಟ್ಟಿದೆ ಎಂದು ಹೆಚ್ಚಾಗಿ ನಂಬಿದ್ದರು ಎಂಬುದನ್ನು ಮಾರ್ಕ್ ಹೆದರಿಂಗ್ಟನ್ ಅವರ ಅಧ್ಯಯನ ಕಂಡುಕೊಂಡಿತು. ಹಾಗೆಂದು ಪೂರ್ತಿ ಹೊಣೆ ಪತ್ರಿಕೆಗಳದ್ದು ಎನ್ನಲಾರೆ. ಹಿಂಜರಿತ ಮುಗಿದ ಮೇಲೂ ಅಲ್ಲಿ ನಿರುದ್ಯೋಗ ಏರುತ್ತಲೇ ಹೋಗಿ 1992ರ ಜೂನ್‌ನಲ್ಲಿ ಶೇ 7.8 ಮುಟ್ಟಿತ್ತು. ಕೆಲಸ ಕಳೆದುಕೊಂಡವರ ನೋವು ಸುದ್ದಿಮನೆ ಹುಟ್ಟಿಸಿದ್ದಲ್ಲ.

ನಮ್ಮ ಕೈಯಲ್ಲಿರುವುದು ಜಾಗ. ಕೆಟ್ಟ ಅಂಕಿ ಮುಖಪುಟಕ್ಕೆ ಹೋಗುತ್ತದೆ, ಒಳ್ಳೆಯ ಅಂಕಿ ಒಳಪುಟ ಸೇರುತ್ತದೆ. ಜಿಡಿಪಿಯ ಮೊದಲ ಅಂದಾಜಿಗೆ ದೊಡ್ಡ ಅಕ್ಷರ, ತಿಂಗಳುಗಳ ನಂತರ ಬರುವ ಪರಿಷ್ಕೃತ ಅಂಕಿಗೆ ಮೂಲೆಯಲ್ಲಿ ನಾಲ್ಕು ಸಾಲು. ಮತದಾರರ ನೆನಪಲ್ಲಿ ಉಳಿಯುವುದು ಮೊದಲನೆಯದು.

ಈಗ ನಮ್ಮ ಡೆಸ್ಕಿನಲ್ಲಿ ಮೊದಲ ಅಂದಾಜು ಬಂದ ದಿನವೇ, ಪರಿಷ್ಕೃತ ಅಂಕಿ ಯಾವಾಗ ಬರುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ವ್ಯತ್ಯಾಸ ದೊಡ್ಡದಿದ್ದರೆ ಮೊದಲ ಸುದ್ದಿ ಬಂದ ಪುಟದಲ್ಲೇ ಅದೂ ಬರಬೇಕೆಂದು ಸಂಪಾದಕರ ಬಳಿ ವಾದಿಸುತ್ತೇನೆ. ಎಲ್ಲ ಸಲ ಗೆಲ್ಲುವುದಿಲ್ಲ. ಹಣದುಬ್ಬರ ತಗ್ಗಿದ ದಿನ ಮಾತ್ರ ‘ಬೆಲೆ ಏರಿಕೆ ನಿಧಾನ’ ಎಂದು ನಾನೇ ಕೂತು ಶೀರ್ಷಿಕೆ ಬರೆಯುತ್ತೇನೆ, ಒಂದು ಪದ ಹೆಚ್ಚಾದರೂ ಸರಿ.